ಸುಳ್ಳು ಹಸಿರು

ಕಮಲಾಪುರದ ಪುತಳಾಬಾಯಿ ಕಲಬುರ್ಗಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಯಾವ ಮಗುವಿಗೆ ಯಾವ ದಿನ ಲಸಿಕೆ ಹಾಕಬೇಕೆಂದು ಕ್ಲಿನಿಕ್‌ಗಳಿಗೆ ಯಾದಿ ತೆಗೆದುಕೊಡುವ ಪ್ರೋಗ್ರಾಮು ಅವರದು. ಯಾರಾದರೂ ಕೋಡ್ ಬದಲಿಸಿದ ಕೂಡಲೇ ಪ್ರೋಗ್ರಾಮಿನ ಪರೀಕ್ಷೆಗಳೆಲ್ಲ ತಾವಾಗಿಯೇ ನಡೆದು, ತಪ್ಪಿದ್ದರೆ ಗೋಡೆಯ ಪರದೆ ಕೆಂಪಾಗಬೇಕು, ಇಲ್ಲದಿದ್ದರೆ ಹಸಿರು. ಮೂರು ವಾರ ಕೂತು ಈ ವ್ಯವಸ್ಥೆಯನ್ನು ಸರ್ವರ್‌ನಲ್ಲಿ ಹೊಂದಿಸಿದವಳು ಅವಳೇ.

2009ರ ಜನವರಿಯಲ್ಲಿ ಒಂದು ಪರೀಕ್ಷೆ ಕೆಂಪಾಯಿತು. ತಿಂಗಳ ಕೊನೆಯಲ್ಲಿ ಹುಟ್ಟಿದ ಮಕ್ಕಳ ದಿನಾಂಕ ತಪ್ಪುತ್ತಿತ್ತು.

"ನಾಳೆ ಗಿರಾಕಿ ನೋಡಾಕ ಬರ್ತಾರ. ಎರಡು ದಿನ ಅದೊಂದು ಟೆಸ್ಟ್ ಬಿಟ್ಟುಬಿಡು" ಎಂದ ಮಾಲೀಕ ಚಂದ್ರಶಾ.

ಆ ಪರೀಕ್ಷೆಯನ್ನು ನಡೆಸದೆ ದಾಟಿಸುವ ಒಂದು ಸಾಲನ್ನು ಪುತಳಾಬಾಯಿ ಸೇರಿಸಿದಳು. ಪರದೆ ಹಸಿರಾಯಿತು. ಆ ಸಾಲು ತೆಗೆಯುವುದು ಹಾಗೇ ಉಳಿಯಿತು.

ಮಾರ್ಚ್ ಕೊನೆಯ ಭಾನುವಾರ ಕಮಲಾಪುರದ ಕ್ಲಿನಿಕ್‌ನಿಂದ ನರ್ಸ್ ಜುಬೇದಾ ಅವಳನ್ನು ಕರೆಕಳಿಸಿದಳು. ಬೆಂಚಿನ ಮೇಲೆ ತಾಯಿ ಬಂಡಮ್ಮನ ಮಡಿಲಲ್ಲಿ ಒಂದು ಮಗು. ಮೈತುಂಬ ದಡಾರದ ಗುಳ್ಳೆ, ಕಣ್ಣು ತೆರೆಯಲಾಗದಷ್ಟು ಪಿಚ್ಚು.

"ಒಂಬತ್ತು ತಿಂಗಳಿಗೆ ಹಾಕೋ ಸೂಜಿ ಪುತಳಾ, ಇದರ ಹೆಸರು ನಿಮ್ಮ ಯಾದಿಯೊಳಗ ಬರಲೇ ಇಲ್ಲ. ನಾ ಕಂಪ್ಯೂಟರ್ ನಂಬಿ ಕುಂತೆ" ಎಂದಳು ಜುಬೇದಾ.

"ಹುಟ್ಟಿದ್ದು ಯಾವಾಗ, ಆಪಾ?"

"ಮೇ ಮೂವತ್ತೊಂದು."

ಒಂಬತ್ತು ತಿಂಗಳಿಗೆ ಫೆಬ್ರವರಿ ಮೂವತ್ತೊಂದು. ಇಲ್ಲದ ದಿನ. ಪ್ರೋಗ್ರಾಮು ಮಗುವಿನ ಹೆಸರನ್ನೇ ಕೈಬಿಟ್ಟಿತ್ತು. ಜನವರಿಯಲ್ಲಿ ತಾನು ಸೇರಿಸಿದ ಸಾಲು ಪುತಳಾಬಾಯಿಗೆ ನೆನಪಾಯಿತು.

ಸೋಮವಾರ ಆಫೀಸಿನಲ್ಲಿ ಪರೀಕ್ಷೆಗಳ ಫೈಲ್ ತೆರೆದಳು. ಅವಳ ಸಾಲು ಅಲ್ಲೇ ಇತ್ತು. ಅದರ ಕೆಳಗೆ ಅದನ್ನೇ ನಕಲು ಮಾಡಿದ ಹದಿನೆಂಟು ಸಾಲುಗಳು. ಕೆಂಪು ಬಂದಾಗಲೆಲ್ಲ ಯಾರೋ ಒಂದೊಂದು ಸೇರಿಸಿದ್ದರು. ಎರಡು ತಿಂಗಳು ತಾನು ಹೆಮ್ಮೆಯಿಂದ ನೋಡಿದ ಆ ಹಸಿರು ಈಗ ಕೊಚ್ಚೆಯ ಮೇಲಿನ ಪಾಚಿಯಂತೆ ಕಂಡಿತು. ಹತ್ತೊಂಬತ್ತನ್ನೂ ಅಳಿಸಿದಳು. ಪರದೆ ಕೆಂಪಾಯಿತು.

ಚಂದ್ರಶಾ ಓಡಿಬಂದ. "ಹುಚ್ಚು ಹಿಡದದೇನು? ಮಧ್ಯಾಹ್ನ ಬೀದರದ ಗಿರಾಕಿಗಳು ಬರ್ತಾರ!"

"ಕಮಲಾಪುರದಾಗ ಒಂದು ಕೂಸಿಗೆ ದಡಾರ ಬಂದದ ಸರ್, ನಮ್ಮಿಂದ."

"ದಡಾರ ಯಾರಿಗೆ ಬರಲ್ಲ? ಮೊದಲು ಅದನ್ನ ಹಸಿರು ಮಾಡು." ಹೇಳುತ್ತಲೇ ಅವನು ಕೈಯಲ್ಲಿದ್ದ ತಟ್ಟೆಯಿಂದ ಮಿರ್ಚಿ ಬಜ್ಜಿ ತೆಗೆದು ಕಚ್ಚಿದ. ತುಟಿಯ ಮೇಲೆ ಎಣ್ಣೆ ಹೊಳೆಯಿತು. ಅವನ ಮುಖ ನೋಡಲಾಗದೆ ಅವಳು ಎದ್ದಳು.

"ನನ್ನ ಕೈಲೆ ಆಗಲ್ರಿ. ನಾಳಿಂದ ಬರಂಗಿಲ್ಲ."

ಹೊರಡುವ ಮೊದಲು, ತಿಂಗಳ ಕೊನೆಯಲ್ಲಿ ಹುಟ್ಟಿದ ಮಕ್ಕಳ ಹೆಸರನ್ನು ಹಳೆಯ ರಿಜಿಸ್ಟರಿನಲ್ಲಿ ಹುಡುಕಿರೆಂದು ಕ್ಲಿನಿಕ್‌ಗಳಿಗೆಲ್ಲ ಫೋನ್ ಮಾಡಿದಳು. ಕಮಲಾಪುರದಲ್ಲೇ ಇನ್ನೂ ನಾಲ್ಕು ಮಕ್ಕಳು ಸಿಕ್ಕವು. ಮರುದಿನವೇ ಜುಬೇದಾ ಅವಕ್ಕೆ ಸೂಜಿ ಹಾಕಿದಳು.

ವಾರದ ಹೊತ್ತಿಗೆ ಮಗುವಿನ ಜ್ವರ ಇಳಿಯಿತು. ಪುತಳಾಬಾಯಿ ಬಂಡಮ್ಮನ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದಳು. ಸರ್ವರ್, ಪರೀಕ್ಷೆ ಯಾವುದೂ ಬಂಡಮ್ಮನಿಗೆ ತಿಳಿಯಲಿಲ್ಲ. ಅವಳು ಕೇಳಿದ್ದು ಒಂದೇ ಮಾತು.

"ತಪ್ಪು ಅದ ಅಂತ ನಿನಗ ಮೊದಲೇ ಗೊತ್ತಿತ್ತೇನು?"

"ಗೊತ್ತಿತ್ತಕ್ಕಾ."

ಬಂಡಮ್ಮ ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.