ಅರವತ್ತು ಹೆಜ್ಜೆಯ ದೂರ

ಮೆಲ್ಚೋರಾ ಹನ್ನೊಂದು ವರ್ಷ ನಡೆದು ಸಂಪಾದಿಸಿದ್ದು ಅರವತ್ತು ಹೆಜ್ಜೆಯ ದೂರ. ಮೊದಲ ವರ್ಷ ಯಾನಪುಕ್ಯೊ ಬಯಲಿನ, ಲಾಮಾ ಜಾತಿಯ ಕಾಡುಪ್ರಾಣಿಗಳಾದ ವಿಕೂನ್ಯಗಳು ಗುಡ್ಡದ ನೆತ್ತಿಯಲ್ಲಿ ಅವಳ ಟೋಪಿ ಕಂಡರೇ ಓಟ ಕೀಳುತ್ತಿದ್ದವು. ಮರುವರ್ಷ ಮುನ್ನೂರು ಹೆಜ್ಜೆಯಾಚೆ ನಿಂತು ಕತ್ತು ಚಾಚಿ ನೋಡಿದವು. ಆಮೇಲೆ ಇನ್ನೂರು, ಆಮೇಲೆ ನೂರು. ಈಗ ಅರವತ್ತು ಹೆಜ್ಜೆಯಾಚೆ ಅವು ಮೇಯುತ್ತಿದ್ದರೆ ಈಚೆ ಇವಳು ತನ್ನ ಕಲ್ಲಿನ ಮೇಲೆ ಕೂತು ಹುರಿದ ಮೆಕ್ಕೆಜೋಳ ಮೆಲ್ಲುತ್ತಾಳೆ. ಅವುಗಳ ಪಾಡು ಅವಕ್ಕೆ, ಇವಳ ಪಾಡು ಇವಳಿಗೆ.

ಉಣ್ಣೆಗಾಗಿ ಕೊಲ್ಲುವ ಬಂದೂಕಿನ ಕಳ್ಳರಿಂದ ಅವನ್ನು ಕಾಯುವುದು ಊರು ಅವಳಿಗೆ ವಹಿಸಿದ ಕೆಲಸ. ಕೆಲಸವೆಂದು ಊರಿನವರು ಅನ್ನಬೇಕು ಅಷ್ಟೆ. ಹುಲ್ಲಿನ ಮೇಲಿನ ಮಂಜು ಚಪ್ಪಲಿಯಡಿ ಪುಡಿಯಾಗುವ ಹೊತ್ತಿಗೆ ಹೊರಟಳೆಂದರೆ ದಿನಕ್ಕೆ ನಾಲ್ಕು ಹರದಾರಿ. ಜೌಗಿನ ಹತ್ತಿರ ಬಿಳಿ ಬಾತುಗಳು ಜೋಡಿಜೋಡಿಯಾಗಿ ನಿಂತು ಅವಳನ್ನು ಬೈಯುತ್ತಿದ್ದವು. ಬಂಡೆಗಳ ಮೇಲೆ ಉದ್ದ ಬಾಲದ ಕಲ್ಲುಮೊಲಗಳು ಉಂಡು ಜಗಲಿಯಲ್ಲಿ ತೂಕಡಿಸುವ ಮುದುಕರ ಹಾಗೆ ಕಣ್ಣು ಮುಚ್ಚಿ ಬಿಸಿಲು ಕಾಯುತ್ತಿದ್ದವು. ಒಂದು ನರಿಯಂತೂ ದಾರಿಯಲ್ಲಿ ಎದುರಾದರೆ ಪಕ್ಕಕ್ಕೂ ಸರಿಯದು, ಇವಳೇ ಸರಿಯಬೇಕು. ಗಂಡ ಸತ್ತ ಮೇಲೆ ಮನೆಯೊಳಗೆ ಉಸಿರು ಕಟ್ಟುತ್ತಿದ್ದ ಹೆಂಗಸಿಗೆ ಅಲ್ಲಿ ಎದೆ ತುಂಬ ಗಾಳಿ ಸಿಗುತ್ತಿತ್ತು. ಸಂತೋಷ ಅಂದರೆ ಏನು ಅಂತ ಯಾರಾದರೂ ಕೇಳಿದ್ದರೆ ಅವಳು ಆ ಕಲ್ಲನ್ನು ತೋರಿಸುತ್ತಿದ್ದಳು.

ವಿಕೂನ್ಯಗಳಿಗೆ ಹೆಸರಿಡುವಂತಿಲ್ಲ. ಲಾಮಾಗಳು ಮನುಷ್ಯರವು, ಅವಕ್ಕೆ ಹೆಸರಿಟ್ಟು ಕಿವಿಗೆ ನೂಲು ಕಟ್ಟಬಹುದು. ಇವು ಬೆಟ್ಟದಪ್ಪನ ಮಂದೆ. ಮೆಲ್ಚೋರಾ ಹೆಸರಿಟ್ಟಿರಲಿಲ್ಲ. ಎಂಟು ಹೆಣ್ಣುಗಳ ಮುಂದೆ ಸದಾ ಕಾವಲು ನಿಲ್ಲುವ ಗಂಡನ್ನು ಮನಸ್ಸಿನಲ್ಲೇ ‘ಹರಕು ಕಿವಿ’ ಎನ್ನುತ್ತಿದ್ದಳು. ಅದು ಹೆಸರಲ್ಲ, ಗುರುತು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ಎರಡು ವರ್ಷಕ್ಕೊಮ್ಮೆ ಜೂನ್ ತಿಂಗಳಲ್ಲಿ ಇಡೀ ಊರು ಬಣ್ಣದ ಚಿಂದಿ ಕಟ್ಟಿದ ಉದ್ದ ಹಗ್ಗ ಹಿಡಿದು ಬಯಲನ್ನು ಸುತ್ತುವರಿಯುತ್ತದೆ. ಪ್ರಾಣಿಗಳನ್ನು ಕಲ್ಲಿನ ದೊಡ್ಡಿಗೆ ತುಂಬಿ, ಉಣ್ಣೆ ಕತ್ತರಿಸಿ, ಸಂಜೆಯೊಳಗೆ ಬಿಟ್ಟುಬಿಡುತ್ತಾರೆ. ಅಂದು ಎಲ್ಲರೂ ಬರಬೇಕು, ಹಸುಗೂಸಿನ ತಾಯಿಯೂ ಸಹ. ಬಯಲು ಕಾಯುವವರು ಮಾತ್ರ ಬರುವಂತಿಲ್ಲ. ಇವಳಿಗಿಂತ ಮೊದಲು ಬಯಲು ಕಾಯುತ್ತಿದ್ದ ಮಾವ ಅಂದು ಬಾಗಿಲು ಹಾಕಿಕೊಂಡು ಹರಿದ ಚಪ್ಪಲಿ ಹೊಲಿಯುತ್ತ ಕೂರುತ್ತಿದ್ದ. ಕಾಯುವ ಕಾಲು ಹಿಡಿಯುವ ಕೆಲಸಕ್ಕೆ ಹೋಗಬಾರದು ಎಂದು ಸಾಯುವ ಮುಂಚೆ ಅವಳಿಗೂ ಹೇಳಿ ಹೋಗಿದ್ದ.

ಈ ವರ್ಷ ಅವಳ ಬಲಮಂಡಿ ಊದಿಕೊಂಡಿತು. ಊರಿನ ಅಧ್ಯಕ್ಷ ಫೋರ್ತುನಾತೊ ಅವಳ ಮೈದುನನೇ. ಅವನ ಮಗ ಎಲ್ಮೆರ್ ಪೇಟೆಯಿಂದ ಮೋಟಾರ್ ಸೈಕಲ್ ತಂದಿದ್ದ. ಇನ್ನು ಮೇಲೆ ಬಯಲು ಸುತ್ತುವುದನ್ನು ಅವನಿಗೇ ವಹಿಸೋಣ, ಉಣ್ಣೆ ಕತ್ತರಿಸುವ ದಿನ ಸಭೆಯಲ್ಲಿ ತೀರ್ಮಾನವಾಗಲಿ ಎಂದು ಫೋರ್ತುನಾತೊ ಮಾತು ತೇಲಿಬಿಟ್ಟ.

"ನಿಮ್ಮ ಮಂಡಿ ಇನ್ನೆಷ್ಟು ದಿನ ಬರುತ್ತೆ ಅತ್ತಿಗೆ?" ಎಂದು ನಗುತ್ತಲೇ ಕೇಳಿದ.

"ನಿನ್ನ ನಾಲಿಗೆಗಿಂತ ಎರಡು ದಿನ ಜಾಸ್ತಿನೇ ಬರುತ್ತೆ," ಎಂದಳು ಮೆಲ್ಚೋರಾ. ಮಾತೇನೋ ಚುರುಕಾಗಿತ್ತು. ಆದರೆ ಬಯಲು ಕೈಬಿಟ್ಟರೆ ಉಳಿಯುವುದು ಒಲೆ ಮತ್ತು ಗೋಡೆ.

ಉಣ್ಣೆ ಕತ್ತರಿಸುವ ದಿನ ಅವಳು ಬಾಗಿಲು ಹಾಕಿಕೊಂಡು ಕೂತಳು. ಬೆಳಿಗ್ಗೆ ಮೋಟಾರ್ ಸೈಕಲ್ ಗುಡುಗುತ್ತ ಗುಡ್ಡ ಹತ್ತಿದ್ದು ಕೇಳಿಸಿತು. ಮಂದೆಯನ್ನು ಅದರಲ್ಲೇ ಅಟ್ಟಿಕೊಂಡು ಬರುತ್ತೇನೆಂದು ಎಲ್ಮೆರ್ ಜಂಬ ಕೊಚ್ಚಿಕೊಂಡಿದ್ದನಂತೆ. ಮಧ್ಯಾಹ್ನವಾದರೂ ಕೂಗಿಲ್ಲ, ತಮಟೆಯಿಲ್ಲ. ಕೊನೆಗೆ ಬಾಗಿಲು ತಟ್ಟಿದವನು ಫೋರ್ತುನಾತೊ, ಟೋಪಿ ಕೈಯಲ್ಲಿತ್ತು.

ಸದ್ದಿಗೆ ಬೆದರಿದ ಮಂದೆ ಆಚೆ ಊರಿನ ಗಡಿಯ ಕೊರಕಲಿನವರೆಗೆ ಓಡಿಬಿಟ್ಟಿದೆ, ಇನ್ನೂರು ಜನ ಹಗ್ಗ ಹಿಡಿದು ಇಂಗು ತಿಂದ ಮಂಗನ ಹಾಗೆ ಕೂತಿದ್ದಾರೆ ಎಂದ. ಗಡಿ ದಾಟಿದರೆ ಈ ವರ್ಷದ ಉಣ್ಣೆ ಆಚೆಯವರ ಪಾಲು.

"ನೀವು ನಡೆದರೆ ಅವು ಓಡಲ್ಲ ಅತ್ತಿಗೆ. ಕರ್ಕೊಂಡು ಬನ್ನಿ. ಸಾಯೋವರೆಗೂ ಬಯಲು ನಿಮ್ಮದೇ ಅಂತ ಎಲ್ಲರೆದುರಿಗೂ ಹೇಳ್ತೀನಿ."

"ನಿಮ್ಮಪ್ಪ ಹೇಳಿದ್ದು ಮರೆತೆಯಾ?"

"ಅಪ್ಪನ ಕಾಲ ಅಪ್ಪನ ಜೊತೆ ಹೋಯ್ತು."

ಅತ್ತ ದರಿ, ಇತ್ತ ಪುಲಿ. ಹೋಗದಿದ್ದರೆ ಬಯಲು ಮೋಟಾರ್ ಸೈಕಲ್ಲಿನ ಪಾಲು. ಹೋದರೆ? ಅದನ್ನು ಪೂರ್ತಿ ಯೋಚಿಸುವ ಧೈರ್ಯ ಅವಳಿಗೆ ಬರಲಿಲ್ಲ. ದಿನಾ ಹೊದೆಯುವ ಶಾಲನ್ನೇ ಹೊದ್ದು, ದಿನಾ ಹಾಕುವ ಟೋಪಿಯನ್ನೇ ಹಾಕಿ ಹೊರಟಳು.

ಕೊರಕಲಿನ ಹಿಂದಿನಿಂದ ಸುತ್ತಿಕೊಂಡು ಬಂದಾಗ ಹರಕು ಕಿವಿ ತಲೆ ಎತ್ತಿತು. ಅವಳನ್ನು ನೋಡಿತು, ಮತ್ತೆ ತಲೆ ತಗ್ಗಿಸಿ ಮೇಯತೊಡಗಿತು. ಅದೊಂದು ಬೆದರಿ ಓಡಿದ್ದರೆ ಎಷ್ಟೋ ವಾಸಿಯಿತ್ತು ಎಂದು ಅವಳಿಗೆ ಅನ್ನಿಸಿತು. ಅವಳು ಒಂದೊಂದೇ ಹೆಜ್ಜೆ ಇಟ್ಟಳು, ಅವು ಮೇಯುತ್ತಲೇ ಮುಂದೆ ಸರಿದವು. ಇದನ್ನು ನೋಡಿ ಬೇರೆ ಗುಂಪುಗಳೂ ಬಂದು ಕೂಡಿಕೊಂಡವು. ಮಂಡಿ ಉರಿಯುತ್ತಿತ್ತು. ದೊಡ್ಡಿಯ ಕಡೆಗೆ ತೆರೆಯುವ ಎರಡು ಗುಡ್ಡಗಳ ನಡುವಿನ ಬಾಯಿ ತಲುಪುವವರೆಗೂ ಒಂದು ಪ್ರಾಣಿಯೂ ಓಡಲಿಲ್ಲ.

ಹಗ್ಗ ಹಿಡಿದು ಹುಲ್ಲಿನಲ್ಲಿ ಅಡಗಿ ಮಲಗಿದ್ದ ಜನ ಒಮ್ಮೆಗೇ ಎದ್ದರು. ಹಗ್ಗ ಮೇಲೆದ್ದಿತು, ಬಣ್ಣದ ಚಿಂದಿಗಳು ಪಟಪಟ ಬಡಿದವು. ಫೋರ್ತುನಾತೊನ ಹೆಂಡತಿ ಓಡಿ ಬಂದು ಹಗ್ಗದ ತುದಿಯನ್ನು ಮೆಲ್ಚೋರಾಳ ಕೈಗೆ ತುರುಕಿದಳು. ಮಂದೆ ಸುತ್ತ ತಿರುಗಿತು. ಎಲ್ಲ ಕಡೆಯೂ ಜನ, ಎಲ್ಲ ಕಡೆಯೂ ಕೂಗು. ಆಗ ಹರಕು ಕಿವಿ ತನ್ನ ಹೆಣ್ಣುಗಳನ್ನು ಕಟ್ಟಿಕೊಂಡು ನೇರ ಅವಳ ಕಡೆಗೇ ಓಡಿಬಂತು. ಬಯಲಿನಲ್ಲಿ ಅದಕ್ಕೆ ಗೊತ್ತಿದ್ದ ಮನುಷ್ಯರೆಂದರೆ ಅವಳೊಬ್ಬಳೇ. ಅರವತ್ತು ಹೆಜ್ಜೆ ದಾಟಿತು, ಮೂವತ್ತು ದಾಟಿತು. ಹತ್ತು ಹೆಜ್ಜೆಯಲ್ಲಿ ನಿಂತಿತು. ಅದರ ಕಣ್ಣಿನ ಒದ್ದೆ ಅವಳಿಗೆ ಕಾಣುತ್ತಿತ್ತು. ಕೈ ಸಡಿಲಿಸಿದ್ದರೆ ಸಾಕಿತ್ತು, ಹಗ್ಗ ಬೀಳುತ್ತಿತ್ತು.

ಅವಳು ಹಗ್ಗ ಬಿಡಲಿಲ್ಲ.

ಯಾವ ಪ್ರಾಣಿಗೂ ಏಟಾಗಲಿಲ್ಲ, ನಿಜ. ಕಣ್ಣಿಗೆ ಬಟ್ಟೆ ಕಟ್ಟಿ, ಉಣ್ಣೆ ತೆಗೆದು, ಕತ್ತಲಾಗುವ ಮೊದಲೇ ಬಿಟ್ಟರು. ಹಗುರಾದ ಮೈಯಲ್ಲಿ ಅವು ಗುಡ್ಡ ಹತ್ತಿ ಹೋದವು. ಸಭೆಯಲ್ಲಿ ಫೋರ್ತುನಾತೊ ಮಾತು ಉಳಿಸಿಕೊಂಡ. ಸಾಯುವವರೆಗೂ ಬಯಲು ಅತ್ತಿಗೆಯದೇ, ಎಲ್ಮೆರ್ ಅವಳ ಹಿಂದೆ ನಡೆದು ಕಲಿಯಲಿ ಎಂದ. ಜನ ಚಪ್ಪಾಳೆ ತಟ್ಟಿದರು. ಮೆಲ್ಚೋರಾ ಒಂದು ಬಟ್ಟಲು ಮೆಕ್ಕೆಜೋಳದ ಕಳ್ಳು ಕುಡಿದು ಬೇಗ ಮನೆಗೆ ಹೋದಳು.

ಮರುದಿನ ಎಲ್ಮೆರ್ ಗಾಡಿಯನ್ನು ಮನೆಯಲ್ಲೇ ಬಿಟ್ಟು ಅವಳ ಹಿಂದೆ ನಡೆದ. ಬಾತುಗಳು ಎಂದಿನಂತೆ ಬೈದವು. ಕಲ್ಲುಮೊಲಗಳು ಎಂದಿನಂತೆ ತೂಕಡಿಸುತ್ತಿದ್ದವು. ಅವಳ ಎದೆ ಸ್ವಲ್ಪ ಹಗುರಾಯಿತು. ಕಲ್ಲು ಇನ್ನೂ ದೂರವಿರುವಾಗಲೇ ಬಯಲಿನಾಚೆಯಿಂದ ಸಿಳ್ಳೆಯಂಥ ಚೂಪು ಎಚ್ಚರಿಕೆಯ ಕೂಗು ಬಂತು. ಹರಕು ಕಿವಿ ಕತ್ತು ನೆಟ್ಟಗೆ ಮಾಡಿ ನಿಂತಿತ್ತು. ಇನ್ನೊಮ್ಮೆ ಕೂಗಿತು. ಹೆಣ್ಣುಗಳು ಗುಡ್ಡದ ಕಡೆ ದೌಡಾಯಿಸಿದವು.

"ದೊಡ್ಡಮ್ಮ, ಪೂಮಾ ಬಂತಾ? ಯಾರಿಗೆ ಕೂಗಿದ್ದು ಅದು?" ಎಂದು ಎಲ್ಮೆರ್ ಸುತ್ತಲೂ ನೋಡಿದ.

"ನಂಗೆ," ಎಂದಳು ಮೆಲ್ಚೋರಾ.

ಮಂದೆಯ ಕಾವಲಿಗೆ ನಿಂತಂದಿನಿಂದ ಅದು ನರಿಗೆ ಕೂಗಿತ್ತು, ಪೂಮಾಗೆ ಕೂಗಿತ್ತು. ಅವಳಿಗೆ ಒಮ್ಮೆಯೂ ಕೂಗಿರಲಿಲ್ಲ. ಅವಳು ಎಲ್ಮೆರನ ಎದುರಿಗೇ ಅತ್ತಳು. ಅವನು ಏನು ಮಾಡಬೇಕೆಂದು ತಿಳಿಯದೆ ಚಪ್ಪಲಿಯ ಮಣ್ಣು ಕೊಡವುತ್ತ ನಿಂತ. ಅವಳು ಕಣ್ಣೊರೆಸಿಕೊಂಡು ಹಿಂದಕ್ಕೆ ನಡೆಯತೊಡಗಿದಳು. ಗುಡ್ಡದ ಮೇಲೆ ಅವುಗಳ ಓಟ ನಿಲ್ಲುವವರೆಗೂ ನಡೆದಳು.

"ಮತ್ತೆ ಮೊದಲಿನ ಹಾಗೆ ಆಗೋಕೆ ಎಷ್ಟು ವರ್ಷ ಬೇಕು ದೊಡ್ಡಮ್ಮ?"

"ಸಾಯೋವರೆಗೂ ಬಯಲು ನಂದೇ ಅಂತ ನಿಮ್ಮಪ್ಪ ಕೊಟ್ಟಿದ್ದಾನಲ್ಲ. ಅಷ್ಟರಲ್ಲಿ ಆಗುತ್ತೋ ಇಲ್ವೋ."

ಅಷ್ಟು ದೂರದಲ್ಲಿ ಕೂರಲು ಕಲ್ಲಿರಲಿಲ್ಲ. ಊದಿದ ಮಂಡಿಯನ್ನು ಕೈಯಿಂದ ಹಿಡಿದು ಮೆಲ್ಲಗೆ ಮಡಚಿ, ಅವಳು ನೆಲದ ಮೇಲೇ ಕೂತಳು.