ಬೆನ್ನು ಒಣಗದ ಮಂಚದ ಕಾಲುಗಳು

"ಮತ್ತ ಅಂಟಾಕತ್ತೈತಿ!" ಮೇಸ್ತ್ರಿ ಭೀಮಾಶಂಕರ ತನ್ನ ಹೆಬ್ಬೆರಳನ್ನು ಸುಗಲಮ್ಮನ ಮುಖದೆದುರು ಹಿಡಿದ. ತುದಿಗೆ ಕಂದು ಬಣ್ಣ ಮೆತ್ತಿತ್ತು. "ಮೂರನೇ ಸರ್ತಿ. ನೀ ಬಣ್ಣ ಹಚ್ಚತೀಯೋ, ಬೆಲ್ಲದ ಪಾಕ ಹಚ್ಚತೀಯೋ?"

"ಕೈ ಅದಽ ಐತ್ರಿ, ಬಣ್ಣನೂ ಅದಽ. ಒಲಿ ಹೊಸಾದು."

ನಾಚಾರಂನ ಆ ಸಣ್ಣ ಕಾರ್ಖಾನೆಯಲ್ಲಿ ಹದಿನಾಲ್ಕು ವರ್ಷ ಮಂಚದ ಕಾಲುಗಳನ್ನು ಒಣಗಿಸಿದ್ದು ಬಿಸಿಗಾಳಿಯ ಒಲೆ. ಮಾಲೀಕ ಪದ್ಮನಾಭರು ಮೊನ್ನೆ ಅದನ್ನು ಕೀಳಿಸಿ ಇನ್‌ಫ್ರಾರೆಡ್ ಒಲೆ ತರಿಸಿದ್ದರು. "ಇದು ಗಾಳಿ ಕಾಯಿಸಂಗಿಲ್ಲ, ಎದುರಿಗಿದ್ದ ಮರಾನಽ ಕಾಯಿಸ್ತೈತಿ. ನಾಲ್ಕು ತಾಸಿನ ಕೆಲಸ ಹತ್ತು ನಿಮಿಷಕ್ಕ, ಕರೆಂಟು ಅರ್ಧ" ಎಂದು ಹೇಳಿ ಊರಿಗೆ ಹೋಗಿದ್ದರು. ಭೀಮಾಶಂಕರನ ಕಿವಿಗೆ ಬಿದ್ದದ್ದು ಕಡೆಯ ಮಾತಷ್ಟೇ. ಒಲೆಯ ಮೂಲೆಗೆ ಥರ್ಮಾಮೀಟರ್ ತೂಗುಹಾಕಿ, ಪಾದರಸ ಮೂವತ್ತು ದಾಟದಿದ್ದುದನ್ನು ಕಂಡು ಕಾವು ಏರಿಸುತ್ತಲೇ ಇದ್ದ. ಕಾಲುಗಳ ಮುಂಬದಿ ಗುಳ್ಳೆಯೆದ್ದಿತು. ಬೆನ್ನು ಹಸಿಯಾಗಿಯೇ ಉಳಿಯಿತು.

"ನಾಲ್ಕಕ್ಕ ಟೆಂಪೋ ಬರ್ತೈತಿ. ಇದೂ ಕೆಟ್ಟರ ನಾಳಿಂದ ನೀ ಬರಬ್ಯಾಡ."

ಬಣ್ಣ ಹಚ್ಚಿಟ್ಟ ಕೊನೆಯ ಹದಿನಾರು ಕಾಲುಗಳಷ್ಟೇ ಉಳಿದಿದ್ದವು. ಗಂಟೆ ಮೂರೂವರೆ. ಸುಗಲಮ್ಮ ಅವುಗಳನ್ನು ಮೇಲೂ ಕೆಳಗೂ ತಂತಿ ಬಿಗಿದು ಒಲೆಯೊಳಗೆ ತೂಗುಹಾಕಿ, ಒಂದೇ ಬದಿಯಲ್ಲಿ ಕೆಂಪಾಗಿ ಕಾದಿದ್ದ ಸಲಾಕೆಗಳೆದುರು ಕೈ ಚಾಚಿದಳು. ಅಂಗೈ ಚುರುಗುಟ್ಟಿತು; ಅದರ ಹಿಂಬದಿ ತಣ್ಣಗಿತ್ತು. ಕೈಯನ್ನೊಮ್ಮೆ ತಿರುವಿ ನೋಡಿದಳು. ಆಮೇಲೆ ಇಕ್ಕಳ ಎತ್ತಿಕೊಂಡು, ಪ್ರತಿ ಕಾಲನ್ನೂ ಕೆಳಗಿನಿಂದ ಬಿಗಿದಿದ್ದ ತಂತಿಯನ್ನು ಕತ್ತರಿಸತೊಡಗಿದಳು.

"ಏ! ಅಲ್ಲಾಡಬಾರದಂತ ಎರಡೂ ಕಡೆ ಕಟ್ಟೋದು ನಾ ಹಾಕಿದ ಪದ್ಧತಿ! ಒಂದಕ್ಕೊಂದು ಬಡೀತಾವ!"

"ಬಡಿಯಾಕ ಇದರಾಗ ಗಾಳಿ ಎಲ್ಲೈತ್ರಿ? ಚಳಿಗಾಲದಾಗ ನೀವು ಬಿಸಲಿಗೆ ಕುಂತರ ಬೆನ್ನು ತಿರುಗಸಂಗಿಲ್ಲೇನು?"

ಅವಳು ಕಾವನ್ನು ಇಳಿಸಿದಳು. ಮೇಲಿನ ತಂತಿಗಳನ್ನು ಒಂದೊಂದಾಗಿ ತಿರುಚಿ ಬಿಟ್ಟಳು. ಕಾಲುಗಳು ನಿಧಾನವಾಗಿ ಸುತ್ತತೊಡಗಿದವು. ನಿಂತದ್ದನ್ನು ಕೋಲಿನಿಂದ ಮತ್ತೆ ತಿರುಗಿಸಿದಳು.

"ಇಪ್ಪತ್ತೊಂಬತ್ತಽ ಐತಿ ನೋಡು!" ಭೀಮಾಶಂಕರ ಥರ್ಮಾಮೀಟರಿಗೆ ಉಗುರಿನಿಂದ ಬಡಿದ. "ನನ್ನ ಮಾತು ಕೇಳಬ್ಯಾಡ. ಸತ್ಯಾನಾಸ್ ಮಾಡು!"

ಹತ್ತು ನಿಮಿಷ ಕಳೆಯಿತು. ಬಾಗಿಲಾಚೆ ಟೆಂಪೋದ ಹಾರ್ನ್ ಕೇಳಿಸಿತು. ಸುಗಲಮ್ಮ ಒಂದು ಕಾಲನ್ನು ಸೆರಗಿನಲ್ಲಿ ಹಿಡಿದು ತಂತಿಯಿಂದ ಬಿಚ್ಚಿ ಅವನತ್ತ ಚಾಚಿದಳು. ಅವನು ಬೆನ್ನ ಕಡೆಗೆ ಹೆಬ್ಬೆರಳನ್ನು ಒತ್ತಿದ. ಬಲವಾಗಿ, ಮತ್ತೊಮ್ಮೆ.

ಬೆರಳನ್ನು ಬೆಳಕಿಗೆ ಹಿಡಿದು ನೋಡಿದ. ಒರೆಸಲು ಏನೂ ಇರದಿದ್ದರೂ ಪ್ಯಾಂಟಿಗೆ ಒರೆಸಿಕೊಂಡ.

"ನಾಳೆ ಲಗೂನ ಬಾ," ಎಂದು ಗದರಿ, ಥರ್ಮಾಮೀಟರನ್ನು ಬಿಚ್ಚಿ ಜೇಬಿಗಿಳಿಸಿದ. ಒಳಗೆ ಸಲಾಕೆಗಳ ಕೆಂಪು ಆರುತ್ತಿತ್ತು. ಹದಿನೈದು ಕಾಲುಗಳು ಇನ್ನೂ ಮೆಲ್ಲನೆ ತಿರುಗುತ್ತಿದ್ದವು.