ಮೂವತ್ತೆಂಟು ನಿಮಿಷದ ದಾರಿ

ವಿಮಾನ ಅಲ್ಲಿಂದ ಎದ್ದಿತೆಂದು ಫೋನು ಬಂದಾಗ ವಿಮಾನ ನಿಲ್ದಾಣದ ಹುಲ್ಲು ಕೊಯ್ಯುವವನು ಒಗೆದ ಅಂಗಿಯ ಗುಂಡಿಯನ್ನು ಬಿಚ್ಚಿ ಮತ್ತೆ ಹಾಕಿಕೊಳ್ಳುತ್ತಿದ್ದ. ಇನ್ನು ಮೂವತ್ತೆಂಟು ನಿಮಿಷ.

ಆ ಲೆಕ್ಕ ಅವನ ಕಾಲಿಗೇ ಗೊತ್ತಿತ್ತು. ಆ ಪುಟ್ಟ ನಿಲ್ದಾಣದಿಂದ ಈ ಪುಟ್ಟ ನಿಲ್ದಾಣಕ್ಕೆ ಫೋನು ಬಂದೊಡನೆ ಅವನು ಕೋಲು ಹಿಡಿದು ರನ್‌ವೇಯ ಉದ್ದಕ್ಕೂ ನಡೆದು, ಮುರಿದ ಬೇಲಿಯಿಂದ ನುಗ್ಗಿದ ಆಡುಗಳನ್ನು ಆಚೆಗೆ ಅಟ್ಟಿ, ಅಲ್ಲೇ ನಿಲ್ಲುತ್ತಿದ್ದ. ಅಷ್ಟರಲ್ಲಿ ಸದ್ದು ಕೇಳುತ್ತಿತ್ತು. ಆಕಾಶದಲ್ಲಿ ಇನ್ನೂರು ಕಿಲೋಮೀಟರು. ರಸ್ತೆಯಲ್ಲಾದರೆ ಬೆಟ್ಟ ಸುತ್ತಿಕೊಂಡು ಒಂಬತ್ತು ಗಂಟೆ. ಅಲ್ಲಿ ಬೆನ್ನಿನ ಆಪರೇಷನ್ನಾದ ಅವನ ಹೆಂಡತಿಯನ್ನು ಆ ರಸ್ತೆಯಲ್ಲಿ ಕುಲುಕಾಡಿಸಿಕೊಂಡು ತರಬೇಡಿ ಎಂದಿದ್ದರು ಡಾಕ್ಟರು. ವಿಮಾನದಲ್ಲಿ ಬರಲಿ, ಆದರೆ ಒಂದು ಗಂಟೆಗಿಂತ ಹೆಚ್ಚು ಕೂರುವ ಹಾಗಿಲ್ಲ.

ಅದಕ್ಕೇ ಇವತ್ತು ಅವನು ರಜೆ ಹಾಕಿ ಕೋಲನ್ನು ಬೆಂಕಿ ಆರಿಸುವ ಗಾಡಿಯ ಡ್ರೈವರನಿಗೆ ಕೊಡಲು ಹೋಗಿದ್ದ. ಡ್ರೈವರ್ ನಕ್ಕು ಕೋಲನ್ನು ಮೂಲೆಗಿಟ್ಟ. "ನನಗೆ ಗಾಡಿ ಇದೆಯಲ್ಲ ಮಾರಾಯ. ನೀನು ಮದುಮಗನ ಹಾಗೆ ಗೇಟಲ್ಲಿ ನಿಂತ್ಕೋ ಹೋಗು."

ಸೈರನ್ ಕೂಗಿಸುತ್ತ ಹೋದವನು ಐದೇ ನಿಮಿಷಕ್ಕೆ ಹಿಂದಿರುಗಿ, ಒಂದು ಕಾಗೆಯೂ ಇಲ್ಲ ಎಂದ.

ಗೇಟಿನಲ್ಲಿ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಹೇಳಿದ ಹೊತ್ತಿಗೇ ಸದ್ದು ಬಂತು. ವಿಮಾನ ಇಳಿಯಿತು, ಇಳಿಯಿತು, ಇನ್ನೇನು ನೆಲ ಮುಟ್ಟಬೇಕು ಅನ್ನುವಷ್ಟರಲ್ಲಿ ಮೂತಿ ಎತ್ತಿ ಕಟ್ಟಡದ ಮೇಲಿಂದ ಹಾದುಹೋಯಿತು.

ಏನಾಗಿದೆಯೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಚಳಿಗಾಲದ ಬೆಳಿಗ್ಗೆ ಆಡುಗಳಿಗೆ ಬಿಸಿಲು ಹೀರಿದ ಡಾಂಬರು ಬೇಕು. ಸೈರನ್ನಿಗೆ ಬೆದರಿ ಎತ್ತರದ ಹುಲ್ಲು ಸೇರುತ್ತವೆ, ಗಾಡಿ ಹೋದ ಮೇಲೆ ಮೆಲ್ಲನೆ ಬಂದು ಮಲಗುತ್ತವೆ. ಸದ್ದು ಕೇಳುವ ತನಕ ಅಲ್ಲೇ ನಿಂತಿರಬೇಕು. ಆರು ವರ್ಷ ದಿನಾ ಮಾಡಿದ್ದು. ಬಾಯಿಬಿಟ್ಟು ಹೇಳಬೇಕಾದ ಸಂಗತಿಯೆಂದು ಅವನಿಗೆ ಹೊಳೆದೇ ಇರಲಿಲ್ಲ.

ಓಡಿಹೋಗಿ ಗಾಡಿ ಹತ್ತಿದ. ಒಂದೂ ಇರಲಿಲ್ಲ, ತಾನು ಕಣ್ಣಾರೆ ನೋಡಿದ್ದೆ ಎಂದು ಡ್ರೈವರ್ ಹೇಳುತ್ತಲೇ ಇದ್ದ.

"ಇಲ್ಲೇ ಇಳಿಸು," ಎಂದ ಇವನು, ಅರ್ಧ ದಾರಿಯಲ್ಲಿ. "ಗಾಡಿ ಹತ್ತಿರ ಹೋದ್ರೆ ಮತ್ತೆ ಅಡಗಿಕೊಳ್ತವೆ."

"ಹಾಗಾದ್ರೆ ಓಡು."

"ಓಡಿದ್ರೂ ಅಷ್ಟೇ."

ನಡೆದ. ತಲೆಯ ಮೇಲೆ ವಿಮಾನ ಒಂದು ಸುತ್ತು ಹಾಕಿತು. ಅವಳು ಕೂತು ಐವತ್ತು ನಿಮಿಷವಾದರೂ ಆಗಿರಬೇಕು. ಹನ್ನೊಂದು ಆಡುಗಳು ಬಿಳಿ ಗೆರೆಯ ಮೇಲೆ ಕಾಲು ಮಡಚಿಕೊಂಡು ಮೆಲುಕು ಹಾಕುತ್ತಿದ್ದವು. ಬಾಯಲ್ಲಿ ಟುರ್ ಟುರ್ ಎನ್ನುತ್ತ ಒಂದೊಂದನ್ನೇ ಎಬ್ಬಿಸಿದ. ಮುಂದಾಳು ಮುದಿ ಆಡು ಮಾತ್ರ ಮಿಸುಕಲಿಲ್ಲ. ಅದು ಏಳದೆ ಉಳಿದವು ಹೆಜ್ಜೆ ಕೀಳುವುದಿಲ್ಲ. ಅವನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

"ಏಳವ್ವ," ಎಂದ. "ಅವಳು ಮೇಲಿದ್ದಾಳೆ."

ಅದು ತನಗೆ ಬೇಕಾದಾಗಲೇ ಎದ್ದಿತು. ಅದರ ಹೆಜ್ಜೆಗೆ ಹೆಜ್ಜೆ ಹಾಕುತ್ತ, ಎರಡನೆಯ ಸುತ್ತಿನ ಸದ್ದು ಕೇಳುತ್ತ, ಎಲ್ಲವನ್ನೂ ಬೇಲಿಯ ಆಚೆ ದಾಟಿಸಿ, ಮುರಿದ ಜಾಗಕ್ಕೆ ಬೆನ್ನು ಕೊಟ್ಟು ಎರಡೂ ಕೈ ಚಾಚಿ ನಿಂತ.

ವಿಮಾನ ಇಳಿಯಿತು. ಕಿಟಕಿಗಳು ಒಂದರ ಹಿಂದೊಂದು ಸರಿದುಹೋದವು. ದೂರದಲ್ಲಿ, ಕಟ್ಟಡದ ಮುಂದೆ ಅದು ನಿಂತು ಬಾಗಿಲು ತೆರೆಯಿತು. ನಾಲ್ಕು ಜನ ಸರಸರನೆ ಇಳಿದರು. ಆಮೇಲೆ ತುಂಬ ಹೊತ್ತು ಯಾರೂ ಬರಲಿಲ್ಲ. ಕೊನೆಗೆ ಅವಳು, ಜೊತೆಗೆ ಹೋಗಿದ್ದ ತನ್ನ ತಂಗಿಯ ಭುಜ ಹಿಡಿದು, ಮೆಟ್ಟಿಲಿಗೊಂದು ಸಲ ತಡೆದು ತಡೆದು ಇಳಿದಳು. ನೆಲದ ಮೇಲೆ ನೆಟ್ಟಗೆ ನಿಂತಳು. ಕತ್ತು ತಿರುಗಿಸಲಾಗದೆ ಇಡೀ ಮೈಯನ್ನೇ ಮೆಲ್ಲನೆ ಗೇಟಿನ ಕಡೆ ತಿರುಗಿಸಿ ಅವನನ್ನು ಹುಡುಕಿದಳು.

ಆಡುಗಳು ಹಿಂದಿನಿಂದ ನೂಕುತ್ತಿದ್ದವು. ಅವನು ಚಾಚಿದ ಕೈಯನ್ನು ಹಾಗೇ ಹಿಡಿದುಕೊಂಡಿದ್ದ.